ದೊಡ್ಡವ್ವನ ಪಿಚ್ಚರಿನಲ್ಲಿ ಎಲ್ಲರೂ ಉಣ್ಣುತ್ತಾರೆ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ವರ್ಷವಿಡೀ ಹಸಿರು ಬೆರೆತ ಕಪ್ಪು. ಭತ್ತದ ಸಸಿಯನ್ನು ಕೆಸರಿಗೆ ಒತ್ತಿ ಒತ್ತಿ ಅದಕ್ಕೆ ಆ ಬಣ್ಣ ಹತ್ತಿಬಿಟ್ಟಿತ್ತು. ಮದುವೆಗೋ ಸೀಮಂತಕ್ಕೋ ಹೋಗುವ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು, ಹೋಗುತ್ತಿರಲಿಲ್ಲ. ಸಿನಿಮಾದ ಕಥೆ ಹೇಳುವಾಗ ಆ ಹೆಬ್ಬೆರಳೇ ಅವಳ ವಿಲನ್. “ಬಂದ ನೋಡ್ರಿ ಇಂವ” ಎಂದು ಅದನ್ನು ಎತ್ತಿ ಹಿಡಿದಳೆಂದರೆ, ಸಾಲಾಗಿ ಬಾಗಿ ನಾಟಿ ಹಚ್ಚುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ, ಆ ಹೆಬ್ಬೆರಳಿಗೆ ಬಾಯ್ತುಂಬ ಬೈದು, ಮತ್ತೆ ಬಾಗುತ್ತಿದ್ದರು.

ನನ್ನ ಅಪ್ಪನ ಅಣ್ಣನ ಹೆಂಡತಿ ಅವಳು. ಕಂಪ್ಲಿಯಲ್ಲಿ ಕಾಲುವೆ ಕಡೆಯ ಓಣಿಯಲ್ಲಿ ಅವಳ ಮನೆ, ನಮ್ಮ ಮನೆ ಗೋಡೆಗೆ ಗೋಡೆ. ನಾಟಿಯ ಹೆಂಗಸರ ಒಂದು ಗುಂಪಿಗೆ ಅವಳು ಮೇಸ್ತ್ರಿ. ನಾಳೆ ಯಾರ ಗದ್ದೆ, ಎಷ್ಟೊತ್ತಿಗೆ ಹೊರಡಬೇಕು, ಟಂಟಂ ಗಾಡಿ ಬರುತ್ತದೋ ನಡೆದೇ ಹೋಗಬೇಕೋ, ಎಲ್ಲವೂ ಅವಳ ಬಾಯಿಂದಲೇ ಬರಬೇಕು. ಅವಳು ಅಂದದ್ದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಗದ್ದೆಯ ಮಾಲೀಕರು ಕೂಡ “ನಿಮ್ಮ ಮೇಸ್ತ್ರಿ ಹೂಂ ಅಂದಾಳಲ್ಲ, ಆತು ಬಿಡ್ರಿ” ಎಂದು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು. ನನ್ನ ಅವ್ವ ಆ ಗುಂಪಿನಲ್ಲಿದ್ದಳು. ಕಾಲೇಜಿಗೆ ರಜೆ ಬಿದ್ದಾಗ ನಾನೂ ಇಳಿಯುತ್ತಿದ್ದೆ. ನನ್ನ ಸಾಲು ಎಂದೂ ನೆಟ್ಟಗೆ ಬಂದದ್ದಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಾಟಿ ಹಚ್ಚುವವರು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಸರಿಯುತ್ತಾರೆ. ನೆಟ್ಟದ್ದು ಕಣ್ಣ ಮುಂದೆ ಇರುತ್ತದೆ, ನೆಡಬೇಕಾದದ್ದು ಬೆನ್ನ ಹಿಂದೆ. ದೊಡ್ಡವ್ವ ಹಾಗೆ ಹಿಂದಕ್ಕೆ ಸರಿಯುತ್ತಲೇ ಕಥೆ ಹೇಳುವಳು. ಬಾಗಿದ ಮುಖ ಯಾರಿಗೂ ಕಾಣದು, ದನಿ ಮಾತ್ರ ನೀರಿನ ಮೇಲಿಂದ ಬರುವುದು. ಹೊಡೆದಾಟ ಬಂದರೆ ಎಲ್ಲರ ಕೈಯೂ ಚುರುಕಾಗುತ್ತಿತ್ತು. ಹಾಡು ಬಂದರೆ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಒಂದು ನೆಪ. ಅಳುವ ಸೀನನ್ನು ಅವಳು ಬದುವಿನ ಹತ್ತಿರ ಬಂದಾಗಲೇ ಹೇಳುತ್ತಿದ್ದಳು, ಅಳುವವರು ಕೂತು ಅಳಲಿ ಎಂದು.

ಅಮಾವಾಸ್ಯೆ ದಿನ ನಮ್ಮ ಕಡೆ ಗದ್ದೆಗೆ ಇಳಿಯುವುದಿಲ್ಲ. ಉಳಿದವರು ಅಂದು ತಲೆ ಎರೆದುಕೊಂಡು, ಬಟ್ಟೆ ಒಗೆದು, ಕಾಲು ಚಾಚಿ ಮಲಗಿದರೆ ದೊಡ್ಡವ್ವ ಹೊಸಪೇಟೆ ಬಸ್ಸು ಹತ್ತುವಳು. ಮ್ಯಾಟ್ನಿ ಶೋ ನೋಡಿ ಹೊತ್ತು ಮುಳುಗುವುದರೊಳಗೆ ವಾಪಸು. ದೊಡ್ಡಪ್ಪ ಇರುವ ತನಕ ಇಬ್ಬರೂ ಹೋಗುತ್ತಿದ್ದರಂತೆ. ಅವನು ತೀರಿಕೊಂಡ ಮೇಲೆ ಒಬ್ಬಳೇ ಹೋಗಿ, ಅವನ ಸೀಟಿನ ಮೇಲೆ ಬುತ್ತಿಗಂಟು ಇಟ್ಟುಕೊಂಡು ಕೂಡುತ್ತಿದ್ದಳು. ಒಂದು ಅಮಾವಾಸ್ಯೆಯ ಪಿಚ್ಚರ್ ಮುಂದಿನ ಅಮಾವಾಸ್ಯೆಯವರೆಗೆ ನಡೆಯಬೇಕು. ನಡೆಯುತ್ತಿತ್ತು.

ಅವಳ ಕಥೆಯಲ್ಲಿ ಹೀರೋಗೆ ಹೆಸರಿರಲಿಲ್ಲ, ‘ನಮ್ಮ ಹುಡುಗ’. ಹೀರೋಯಿನ್ ‘ಆ ಕೂಸು’. ವಿಲನ್ನಿನ ಬಂಗಲೆ ಟಿ.ಬಿ. ಡ್ಯಾಮಿನಲ್ಲಿ. ಫಾರಿನ್ನಿನಲ್ಲಿ ತೆಗೆದ ಹಾಡು ಬಂದರೆ ಅವಳಿಗೆ ಒಂದೇ ಚಿಂತೆ. “ಎಲ್ಲಿ ನೋಡಿದ್ರೂ ಐಸ್ ಬಿದ್ದೈತಿ, ನಮ್ಮ ಹುಡುಗ ಕೋಟ್ ಹಾಕ್ಕೊಂಡಾನ, ಆ ಕೂಸಿಗೆ ಒಂದು ಶಾಲ್ ಕೊಟ್ಟಿಲ್ಲ ನೋಡು ಸುಡುಗಾಡು ಮಂದಿ” ಎನ್ನುವಳು. ಹೆಂಗಸರು ಇಡೀ ಚಿತ್ರತಂಡಕ್ಕೆ ಶಾಪ ಹಾಕುವರು.

ಅವಳು ಯಾವ ಪಿಚ್ಚರಿನ ಬಗ್ಗೆಯೂ, ಯಾವ ದೊಡ್ಡ ಮನುಷ್ಯರ ಬಗ್ಗೆಯೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಉಂಡನೇನು?” ಟಿವಿಯಲ್ಲಿ ಮಂತ್ರಿಗಳು ಜಗಳಾಡುತ್ತಿದ್ದರೆ, “ಇವರು ಮುಂಜಾನಿಂದ ಉಂಡಿಲ್ಲ, ಅದಕ್ಕ ಹಿಂಗ” ಎಂದು ಎದ್ದು ಹೋಗುವಳು. ನಮ್ಮ ಕಾಲೇಜಿನವರು ಹಂಪಿಗೆ ಟೂರ್ ಹಾಕಿದಾಗ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಹತ್ತಿರದಲ್ಲೇ ಇದ್ದರೂ ಅವಳು ಅಲ್ಲಿ ದೇವರ ದರ್ಶನ ಬಿಟ್ಟು ಬೇರೇನೂ ನೋಡಿರಲಿಲ್ಲ. ಗೈಡು ಮಹಾನವಮಿ ದಿಬ್ಬದ ಮೇಲೆ ನಿಂತು ಯುದ್ಧ, ಆನೆ, ವೈಭವ ಎಲ್ಲ ಹೇಳಿ ಮುಗಿಸಿದ. ಇವಳು ಸೆರಗು ತಲೆಮೇಲೆ ಎಳೆದುಕೊಂಡು, “ಅಡಿಗಿಮನಿ ಎಲ್ಲೈತ್ರಿ?” ಅಂದಳು. ಅವನು ನಗದೆ ಅವಳನ್ನು ಕರೆದೊಯ್ದು ಕಾಲುವೆಯ ಪಕ್ಕ ಸಾಲಾಗಿ ಇರುವ ಕಲ್ಲಿನ ತಟ್ಟೆಗಳನ್ನು ತೋರಿಸಿದ. ಪಲ್ಯಕ್ಕೆ ಬೇರೆ ಕುಳಿ, ಸಾರಿಗೆ ಬೇರೆ ಕುಳಿ, ಎಲ್ಲ ಕಲ್ಲಿನಲ್ಲೇ ಕಡೆದದ್ದು. ದೊಡ್ಡವ್ವ ಒಂದು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅದರ ಮೇಲೆ ಕೈಯಾಡಿಸಿ, “ಉಂಡಾರ ಇವರು. ಇವರ್ನ ನಂಬಬೌದು” ಅಂದಳು. ಇತಿಹಾಸದ ಬಗ್ಗೆ ಅವಳ ತೀರ್ಮಾನ ಅಷ್ಟೇ.

ಭಾಷಣವನ್ನೂ ಅವಳು ಪಿಚ್ಚರಿನ ಹಾಗೆಯೇ ಹೇಳುತ್ತಿದ್ದಳು. ಒಮ್ಮೆ ಒಬ್ಬ ಲೀಡರು ಸಂಡೂರಿಗೆ ಬಂದಾಗ ಓಣಿಗೊಬ್ಬರಂತೆ ಲಾರಿಯಲ್ಲಿ ಕರೆದುಕೊಂಡು ಹೋದರು. ನಮ್ಮ ಓಣಿಯಿಂದ ದೊಡ್ಡವ್ವ ಹೋದಳು. ಮರುದಿನ ಗದ್ದೆಯಲ್ಲಿ ವರದಿ: “ಕಂಪ್ಲಿ ಕಾಲುವಿ ಕ್ರಾಸಿನಾಗ ಹೆಣ್ಮಕ್ಳು ಬಿಸಲಾಗ ನಿಂತು ಬಸ್ ಕಾಯ್ತಾರ, ನಂಗೊತ್ತೈತಿ, ಅಲ್ಲಿ ನೆಳ್ಳು ಮಾಡಿಸ್ತೀನಿ ಅಂದ್ರು. ಅಂದು, ಕುಂತು, ಮೊಸರನ್ನ ಉಂಡ್ರು.” ಆ ಮನುಷ್ಯ ಅಂಥದ್ದೇನೂ ಅಂದಿರಲಿಲ್ಲ ಎಂದು ಆ ಸಭೆಗೆ ಹೋಗಿದ್ದ ನನ್ನ ಸಹಪಾಠಿ ಆಣೆ ಮಾಡಿ ಹೇಳಿದಳು. ಕೆಲವು ತಿಂಗಳ ಮೇಲೆ ಆ ಲೀಡರೇ ಕಂಪ್ಲಿಗೆ ಬಂದಾಗ ನಮ್ಮ ಗುಂಪು ಕಾರಿಗೆ ಅಡ್ಡ ನಿಂತಿತು. “ಸಂಡೂರಿನಾಗ ಮಾತು ಕೊಟ್ಟಿದ್ರಲ್ರಿ, ನೆಳ್ಳು ಎಲ್ಲಿ?” ಅವರು ಪಕ್ಕದವನ ಮುಖ ನೋಡಿದರು. ಪಕ್ಕದವನು, ಅಂಥವರು ಯಾವಾಗಲೂ ಮಾಡುವಂತೆ, ಹೌದು ಎಂದು ತಲೆಯಾಡಿಸಿದ. ಬಸ್ ಶೆಲ್ಟರ್ ಆಯಿತು. ಅದರ ಹಣೆಯ ಮೇಲೆ ಅವರ ಫೋಟೋ ಕೂಡ ಬಂತು. ಕೊಟ್ಟ ಮಾತು ಉಳಿಸಿಕೊಂಡ ಮನುಷ್ಯ ಎಂದು ದೊಡ್ಡವ್ವ ಕೊನೆಯವರೆಗೂ ಅವರನ್ನು ಹೊಗಳಿದಳು. ಅವಳು ಮನಸಾರೆ ಹೊಗಳುತ್ತಿದ್ದದ್ದನ್ನು ನೋಡಿ ನನಗೆ ತಲೆ ಕೆಡುತ್ತಿತ್ತು.

ನಾನು ಮೊದಲಿನಿಂದಲೂ ಸ್ವಲ್ಪ ಮೊಂಡು. ಇದ್ದದ್ದನ್ನು ಇದ್ದಂತೆ ಹೇಳಬೇಕು, ಪಿಚ್ಚರಿನಲ್ಲಿ ಇಲ್ಲದ್ದನ್ನು ಪಿಚ್ಚರಿಗೆ ಅಂಟಿಸಬಾರದು ಎಂಬ ಹಟ. ಆ ಹಟ ನನಗೂ ಅವಳಿಗೂ ನಡುವೆ ಬಂದದ್ದು ಒಂದು ಪಿಚ್ಚರಿನಿಂದ. ಆಗ ನಾನು ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿದ್ದೆ.

ತಾಯಿಯ ಮಾತು ಮೀರಿ ಮನೆ ಬಿಟ್ಟ ಮಗನ ಕಥೆ ಅದು. ಸಿಟಿ, ರೌಡಿಗಳು, ಹೊಡೆದಾಟ, ಎಲ್ಲ ಇದೆ. ಕೊನೆಗೆ ಅವನೇ ಪೊಲೀಸರಿಗೆ ಶರಣಾಗುತ್ತಾನೆ. ಜೀಪಿನಲ್ಲಿ ಕೂತು ತನ್ನ ಓಣಿಯ ಮುಂದೆ ಹಾದುಹೋಗುತ್ತಾನೆ. ತಾಯಿ ಬಾಗಿಲಲ್ಲಿ ನಿಂತಿದ್ದಾಳೆ. ಜೀಪು ನಿಲ್ಲುವುದಿಲ್ಲ. ಧೂಳು ಏಳುತ್ತದೆ, ಪಿಚ್ಚರ್ ಮುಗಿಯುತ್ತದೆ. ನಾನು ಗೆಳತಿಯರ ಜೊತೆ ನೋಡಿ, ಆ ಧೂಳಿನ ಬಗ್ಗೆ ಹಾಸ್ಟೆಲ್ಲಿನಲ್ಲಿ ಭಾರೀ ಚರ್ಚೆ ಮಾಡಿದ್ದೆ.

ರಜೆಗೆ ಊರಿಗೆ ಬಂದು ಗದ್ದೆಗೆ ಇಳಿದರೆ ಅಲ್ಲಿ ಅದೇ ಪಿಚ್ಚರ್ ನಡೆಯುತ್ತಿತ್ತು. ಆದರೆ ದೊಡ್ಡವ್ವನ ಜೀಪು ಓಣಿಯ ತುದಿಯಲ್ಲಿ ನಿಂತಿತು. ಇನ್ಸ್‌ಪೆಕ್ಟರ್ ಆ ತಾಯಿಯ ಕಡೆ ನೋಡಿದ. ನಮ್ಮ ಹುಡುಗನ ಕಡೆ ನೋಡಿದ. “ಹೋಗು, ಉಂಡು ಬಾ” ಅಂದ. ತಾಯಿ ಬೇಡಿ ಹಾಕಿದ ಕೈಗೆ ನೀರು ಹಾಕಿದಳು, ಇನ್ಸ್‌ಪೆಕ್ಟರೇ ಬಂದು ಬೇಡಿ ಬಿಚ್ಚಿದ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಮೊಸರು. ನಮ್ಮ ಹುಡುಗ ತಲೆ ತಗ್ಗಿಸಿ ಉಂಡ. ತಾಯಿ ಇನ್ಸ್‌ಪೆಕ್ಟರಿಗೂ ಒಂದು ರೊಟ್ಟಿ ಕೊಟ್ಟಳು. ಅವನು “ಡ್ಯೂಟಿ ಮ್ಯಾಲ ಅದೀನವ್ವ, ಬ್ಯಾಡ ಬ್ಯಾಡ” ಅಂದ. ಅಂದು, ಟೊಪ್ಪಿಗೆ ತೆಗೆದು ಬಗಲಲ್ಲಿ ಇಟ್ಟುಕೊಂಡು, ನಿಂತುಕೊಂಡೇ ಉಂಡ.

ಸರಿಯಾಗಿ ಆಗಲೇ ಬುತ್ತಿ ಬಿಚ್ಚುವ ಹೊತ್ತಾಯಿತು. ಹೆಂಗಸರು ಬದುವಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾ ರೊಟ್ಟಿ ಮುರಿದರು. ಎಲ್ಲರಿಗೂ ಮಗನಿಗಿಂತ ಆ ಇನ್ಸ್‌ಪೆಕ್ಟರ್ ಹಿಡಿಸಿದ್ದ.

ಕೈ ತೊಳೆಯಲು ಕಾಲುವೆಗೆ ಹೋದಾಗ ನಾನು ಅವಳನ್ನು ಹಿಡಿದೆ. “ದೊಡ್ಡವ್ವ, ನಾ ಆ ಪಿಚ್ಚರ್ ನೋಡೀನಿ. ಜೀಪ್ ನಿಲ್ಲಂಗಿಲ್ಲ.”

“ಹೌದು, ನಿಲ್ಲಂಗಿಲ್ಲ” ಅಂದಳು, ಹೆಬ್ಬೆರಳು ತಿಕ್ಕಿಕೊಳ್ಳುತ್ತಾ.

“ಮತ್ತ ಯಾಕ ಹಂಗ ಹೇಳಿದಿ?”

“ಮೂರು ತಾಸು ನೋಡಿನಿ. ಒಂದ್ ಸರ್ತಿನೂ ಅಂವಗ ಉಣ್ಣಾಕ ಬಿಡಲಿಲ್ಲ ಅವರು. ಹೊಡಿಸಿದ್ರು, ಓಡಿಸಿದ್ರು, ಕುಣಿಸಿದ್ರು. ಮರತಿರಬೇಕು. ಅಷ್ಟು ದೊಡ್ಡ ಪಿಚ್ಚರ್ ತಗಿಯೋರಿಗೆ ಕೈ ತುಂಬ ಕೆಲಸ ಇರ್ತಾವ, ಒಂದೊಂದು ಬಿಟ್ಟು ಹೋಗ್ತೈತಿ. ನಾಟಿ ಹಚ್ಚುವಾಗ ನೀನೂ ಬಿಡ್ತಿಯಲ್ಲ, ಆಮ್ಯಾಲ ನಾ ಬಂದು ತುಂಬತೀನಲ್ಲ, ಹಂಗ.”

ನನ್ನ ಸೊಟ್ಟ ಸಾಲನ್ನು ಅಲ್ಲಿಗೆ ಎಳೆತಂದದ್ದಕ್ಕೆ ನನಗೆ ಸಿಟ್ಟು ಬಂತು.

ಈಗ ಮೂಲೆಮನೆ ಅತ್ತೆಯ ವಿಷಯ ಹೇಳಬೇಕು. ನಮ್ಮ ಓಣಿಯ ಮೂಲೆಮನೆಯವಳು, ದೊಡ್ಡವ್ವನ ಜೊತೆಗೆ ಗುಂಪು ಕಟ್ಟಿದವಳು, ಮಾತು ಕಡಿಮೆ, ಮುನಿಸು ಜಾಸ್ತಿ. ಅವಳ ಮಗ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಂತ್ರಾಟಿನ ಕೆಲಸದಲ್ಲಿದ್ದ. ತನಗೆ ಮನಸ್ಸು ಬಂದ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದ್ದ. ಅವನ ಮುಖ ನೋಡುವುದಿಲ್ಲ ಎಂದು ಅತ್ತೆ ಓಣಿಯ ನಡುವೆ ನಿಂತು ಹೇಳಿದ್ದಳು, ಹೇಳಿದಂತೆ ನಡೆದುಕೊಂಡೂ ಇದ್ದಳು. ಆ ಜೀಪಿನ ಸೀನು ಕೇಳಿದ ಮರುವಾರ ಅವಳು ಯಾರಿಗೂ ಹೇಳದೆ ಬುತ್ತಿ ಕಟ್ಟಿಕೊಂಡು ತೋರಣಗಲ್ಲಿಗೆ ಹೋದಳು. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತಳು. ಮಗ ಬಂದ. ಇವಳು ಬುತ್ತಿ ಡಬ್ಬಿ ಮುಂದೆ ಹಿಡಿದಳು. ಅವನು ರಸ್ತೆ ಪಕ್ಕದ ಮೋರಿ ಕಟ್ಟೆಯ ಮೇಲೆ ಕೂತು ಪೂರಾ ಉಂಡು, ಡಬ್ಬಿ ತೊಳೆದು ಅವಳ ಕೈಗೆ ಕೊಟ್ಟ. ಇದನ್ನು ಅವಳು ದೊಡ್ಡವ್ವನಿಗೆ ಮಾತ್ರ ಹೇಳಿದ್ದಳು. ನಮಗೆಲ್ಲ ಗೊತ್ತಾದದ್ದು ಆಮೇಲೆ.

ಪಿಚ್ಚರ್ ಚೆನ್ನಾಗಿ ಓಡಿತು. ಮುಂದಿನ ಅಮಾವಾಸ್ಯೆಗೂ ಟಾಕೀಸಿನಿಂದ ಎತ್ತಿರಲಿಲ್ಲ. ಇಡೀ ಗುಂಪಿಗೆ ಆ ಇನ್ಸ್‌ಪೆಕ್ಟರನ್ನು ಕಣ್ಣಾರೆ ನೋಡುವ ಆಸೆ ಹುಟ್ಟಿತು. ಅದರಲ್ಲೂ ಮೂಲೆಮನೆ ಅತ್ತೆಗೆ. “ನಾ ಹೇಳಿನಲ್ಲ, ಮತ್ತ ಯಾಕ ಬಸ್ಸಿಗೆ ದಂಡ” ಎಂದು ದೊಡ್ಡವ್ವ ತಪ್ಪಿಸಲು ನೋಡಿದಳು. ಬಿಡಲಿಲ್ಲ ಅವರು. ಹೊಸ ಸೀರೆ ಉಟ್ಟು, ಹೂವು ಮುಡಿದು, ಬುತ್ತಿ ಕಟ್ಟಿಕೊಂಡು ಹೊರಟರು. ನಾನೂ ಹೋದೆ. ಬಸ್ಸಿನಲ್ಲಿ ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಹೇಳಿಬಿಡು ಎಂದು ನಾನು ಕಿವಿಯಲ್ಲಿ ಅಂದೆ. “ಹೆಂಗ ಹೇಳ್ಲಿ, ಇಷ್ಟು ಖುಷಿಲಿಂದ ಹೊಂಟಾರ” ಅಂದಳು.

ಟಾಕೀಸಿನಲ್ಲಿ ಜೀಪು ಬಂತು. ನಮ್ಮ ಸಾಲಿನವರೆಲ್ಲ ನೆಟ್ಟಗೆ ಕೂತರು. ಜೀಪು ಓಣಿಯ ಮುಂದೆ ಹಾದುಹೋಯಿತು. ಧೂಳು ಎದ್ದಿತು. ಪರದೆಯ ಮೇಲೆ ಹೆಸರುಗಳು ಬರತೊಡಗಿದವು. ಬೇರೆಯವರು ಎದ್ದು ಹೊರಟರು, ಇವರು ಏಳಲಿಲ್ಲ. “ಕುಂದ್ರಿ, ಜೀಪು ತಿರುಗಿ ಬರ್ತೈತಿ” ಎಂದು ನನ್ನ ಅವ್ವ ಹಿಂದಿನ ಸೀಟಿನವರಿಗೂ ಹೇಳಿದಳು. ದೀಪ ಹತ್ತಿದವು. ಗೇಟಿನವನು ಬಂದ.

“ಮುಗೀತ್ರಿ, ಏಳ್ರಿ.”

“ಎಲ್ಲಿ ಮುಗೀತು?” ಮೂಲೆಮನೆ ಅತ್ತೆ ಅಂದಳು. “ಇನ್ನ ಉಂಡಿಲ್ಲ ಅಂವ.”

ಗೇಟಿನವನಿಗೆ ಏನೂ ತಿಳಿಯಲಿಲ್ಲ. ಮ್ಯಾನೇಜರ್ ಬಂದರು. ಅವರಿಗೂ ತಿಳಿಯಲಿಲ್ಲ. ಹಳ್ಳಿಯವರು ಬಂದಾಗ ಟಾಕೀಸಿನವರು ಪಿಚ್ಚರ್ ಕತ್ತರಿಸಿ ತೋರಿಸುತ್ತಾರೆ ಎಂಬ ಗುಮಾನಿ ನಮ್ಮವರಲ್ಲಿ ಹಳೆಯದು. ಅದು ಈಗ ಎದ್ದು ನಿಂತಿತು. “ಕೂಲಿ ಮಂದಿ ಅಂತ ಕಟ್ ಮಾಡೀರೇನ್ರಿ? ನಮಗೇನು ಗೊತ್ತಾಗಂಗಿಲ್ಲ ಅಂತ ತಿಳಕೊಂಡೀರೇನು? ಇನ್ಸ್‌ಪೆಕ್ಟರ್ ನಿಂತಕೊಂಡು ಉಣ್ಣೋದು ಐತಿ, ಅದನ್ನ ಹಾಕ್ರಿ, ಹೋಗ್ತೀವಿ.” ಒಬ್ಬಳು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಳು. ಪಾಪ, ಆ ಮ್ಯಾನೇಜರು “ಹಂಗೇನಿಲ್ರಮ್ಮ, ಇದ್ದಷ್ಟೂ ತೋರಿಸೀವಿ” ಎಂದು ಕೈಮುಗಿಯುತ್ತಿದ್ದರು. ಯಾರೂ ಕೇಳಲಿಲ್ಲ.

ಸುಮ್ಮನಿದ್ದಿದ್ದರೆ ದೊಡ್ಡವ್ವ ಉಳಿದುಕೊಳ್ಳುತ್ತಿದ್ದಳು. ಬೈಗುಳವೆಲ್ಲ ಟಾಕೀಸಿನವರ ತಲೆಗೆ ಹೋಗುತ್ತಿತ್ತು, ಅವಳ ಮಾತು ಮಾತಾಗಿಯೇ ಇರುತ್ತಿತ್ತು. ಅವಳು ಎದ್ದು ನಿಂತಳು.

“ಆ ಮನುಷ್ಯಾಗ ಬೈಬ್ಯಾಡ್ರಿ. ಅವರೇನೂ ಕಟ್ ಮಾಡಿಲ್ಲ. ಅಂವ ಇಲ್ಲಿ ಉಂಡಿಲ್ಲ. ಅಲ್ಲಿ ಗದ್ದ್ಯಾಗ ನಾನ ಉಣಿಸಿದ್ದು.”

ನಮ್ಮ ಸಾಲು ತಣ್ಣಗಾಯಿತು. ಒಬ್ಬೊಬ್ಬರೇ ಎದ್ದು, ಬಿಚ್ಚದ ಬುತ್ತಿಗಳನ್ನು ಎತ್ತಿಕೊಂಡು ಹೊರಗೆ ಬಂದೆವು.

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡವ್ವನ ಪಕ್ಕದ ಸೀಟು ಖಾಲಿ. ಕಮಲಾಪುರ ದಾಟಿದ ಮೇಲೆ ಹಿಂದಿನಿಂದ ಒಬ್ಬಳು ಅಂದಳು: “ಪಿಚ್ಚರ್ ಹೋಗ್ಲಿ ಬಿಡು. ನಾಳಿ ಗದ್ದಿ ಐತಿ ಅಂದಾಳಲ್ಲ, ಅದಾದ್ರೂ ಖರೇನ ಐತೋ ಇಲ್ಲೋ?” ಆ ಮಾತು ದೊಡ್ಡವ್ವನಿಗೆ ತಾಗಿದ್ದು ಅವಳ ಬೆನ್ನಿನಲ್ಲೇ ನನಗೆ ಕಾಣಿಸಿತು. ಅವಳ ಬದುಕು ನಿಂತಿದ್ದೇ ಆ ಒಂದು ನಂಬಿಕೆಯ ಮೇಲೆ. ಮೂಲೆಮನೆ ಅತ್ತೆ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮರುದಿನ ಗದ್ದೆ ಇತ್ತು. ದೊಡ್ಡವ್ವ ಹೇಳಿದ ಗದ್ದೆಯೇ, ಹೇಳಿದ ಹೊತ್ತಿಗೇ. ಕಥೆ ಮಾತ್ರ ಇರಲಿಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಿರಿಯಳೊಬ್ಬಳು ಸೊಂಟಕ್ಕೆ ಮೊಬೈಲ್ ಸಿಕ್ಕಿಸಿಕೊಂಡು ಹಾಡು ಹಚ್ಚಿದಳು. ಹಾಡಿನಲ್ಲಿ ‘ಮುಂದೇನಾಯಿತು’ ಎಂಬುದಿಲ್ಲ. ಮಧ್ಯಾಹ್ನಕ್ಕೆ ಎಲ್ಲರಿಗೂ ಸೊಂಟ ಹಿಡಿದುಕೊಂಡಿತ್ತು. ಹೀಗೆಯೇ ದಿನಗಳು ಹೋದವು. ಕಾಲುವೆಯ ಆಚೆ ಬೇರೆ ಮೇಸ್ತ್ರಿಯ ಗುಂಪಿಗೆ ಸೇರುವ ಮಾತು ಒಳಗೊಳಗೇ ನಡೆಯುತ್ತಿತ್ತು. ದೊಡ್ಡವ್ವನಿಗೂ ಅದು ಗೊತ್ತಿತ್ತು. ಅವಳು ಸಾಲಿನ ಕೊನೆಯಲ್ಲಿ ತನ್ನ ಪಾಡಿಗೆ ತಾನು ಸಸಿ ಒತ್ತುತ್ತಾ ಹಿಂದಕ್ಕೆ ಸರಿಯುತ್ತಿದ್ದಳು. ನನ್ನ ಹಟವೇ ಗೆದ್ದಿತ್ತು, ಆದರೆ ಅದರಿಂದ ಯಾರಿಗೂ ಏನೂ ಸುಖವಾಗಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದರು, ಮೂಲೆಮನೆ ಅತ್ತೆ ಬಿಚ್ಚಲಿಲ್ಲ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರ ಮುಖವನ್ನೂ ನೋಡದೆ, ತೋರಣಗಲ್ಲಿಗೆ ಹೋದದ್ದನ್ನು ಹೇಳಿದಳು. ಗೇಟು, ಶಿಫ್ಟು, ಮೋರಿ ಕಟ್ಟೆ, ತೊಳೆದ ಡಬ್ಬಿ. ಅವಳು ಅಷ್ಟು ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

“ಟಾಕೀಸಿನಾಗ ಆ ತಾಯಿ ಬಾಗಲಾಗ ನಿಂತಾಳ, ನಿಂತ ಅದಾಳ. ನಾನೂ ಹಂಗ ನಿಂತಿದ್ದೆ. ಈಕಿ ಹೇಳಿದ್ದು ಕೇಳಿ ಹೋದೆ. ಮದಲ ನಂಗೂ ಭಾಳ ಸಿಟ್ಟು ಬಂದಿತ್ತು, ಇಲ್ಲದ್ದನ್ನ ನಂಬಿ ಗೇಟಿಗೆ ಹೋಗಿ ನಿಂತೆನಲ್ಲ ಅಂತ. ಆದ್ರ ನನ್ನ ಮಗ ಉಂಡ. ಅದು ಸುಳ್ಳಲ್ಲ.” ದೊಡ್ಡವ್ವನ ಕಡೆ ತಿರುಗಿದಳು. “ಆ ಪಿಚ್ಚರ್ ಮತ್ತೊಮ್ಮೆ ಹೇಳು. ಟಾಕೀಸಿಂದು ಬ್ಯಾಡ, ನಿಂದು ಹೇಳು.”

ದೊಡ್ಡವ್ವ ರೊಟ್ಟಿಯ ಚೂರು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

“ಜೀಪು ಎಲ್ಲಿಗೆ ಬಂದಿತ್ತು?” ಎಂದು ಕೇಳಿದಳು.

“ಓಣಿ ತುದಿಗೆ” ಎಂದು ಮೊಬೈಲಿನ ಹುಡುಗಿ ಹಾಡು ನಿಲ್ಲಿಸಿ ಅಂದಳು.

ಅವತ್ತಿನಿಂದ ಒಂದು ಪದ್ಧತಿ ಆಯಿತು. ಕಥೆ ಹೇಳುವಾಗ ದೊಡ್ಡವ್ವ ನಡುನಡುವೆ “ಇದು ಅವರದು” ಎನ್ನುವಳು, ತಾನು ತುಂಬಿದ್ದು ಬಂದಾಗ “ಇದು ನಂದು” ಎನ್ನುವಳು. ಹೀಗೆ ಹೇಳಿದರೆ ರುಚಿ ಕೆಡುತ್ತದೆ ಎಂದುಕೊಂಡಿದ್ದೆ. ಕೆಡಲಿಲ್ಲ. ಕೆಲವೊಮ್ಮೆ “ಅವರದು” ಬಹಳ ಹೊತ್ತು ನಡೆದರೆ ಹೆಂಗಸರೇ ಬೇಸತ್ತು, “ನಿಂದು ಯಾವಾಗ ಬರ್ತೈತ್ಬೇ?” ಎಂದು ಕೇಳುತ್ತಿದ್ದರು. ಆಚೆ ಗುಂಪಿಗೆ ಯಾರೂ ಹೋಗಲಿಲ್ಲ. ಮೂಲೆಮನೆ ಅತ್ತೆಯ ಮಗ ಆ ವರ್ಷವೇ ಹೆಂಡತಿಯನ್ನು ಕರೆದುಕೊಂಡು ಊಟಕ್ಕೆ ಬಂದ.

ನಾನು ಓದು ಮುಗಿಸಿ ಹೊಸಪೇಟೆಯಲ್ಲೇ ಕನ್ನಡ ಟೀಚರ್ ಆದೆ. ಒಂದು ಪತ್ರಿಕೆಗೆ ಸಿನಿಮಾ, ಪುಸ್ತಕಗಳ ಬಗ್ಗೆ ಬರೆಯಲು ಶುರುಮಾಡಿದೆ. ಬರೆದದ್ದನ್ನು ಊರಿಗೆ ಬಂದಾಗ ದೊಡ್ಡವ್ವನಿಗೆ ಓದಿ ಹೇಳುವುದು ರೂಢಿ. ಮೊದಲನೆಯದನ್ನು ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಕ್ಯಾಮೆರಾ, ಬೆಳಕು, ಸಂಕಲನ ಎಲ್ಲವೂ ಇತ್ತು ಅದರಲ್ಲಿ. “ಚಂದ ಐತಿ” ಅಂದಳು. ಆಮೇಲೆ, “ಪಿಚ್ಚರ್ ಐತಿ ಇದರಾಗ. ನೋಡಾಕ ಬಂದ ಮಂದಿ ಎಲ್ಲಿ ಹೋದ್ರು?” ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಅಂದಿನಿಂದ ಟಾಕೀಸಿಗೆ ಹೋದರೆ ಮುಂದಿನ ಸಾಲಿನ ಅಂಚಿಗೆ ಕೂಡುತ್ತೇನೆ, ಪರದೆಯ ಬೆಳಕು ಬಿದ್ದ ಮುಖಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಯಾರು ಎಲ್ಲಿ ನಕ್ಕರು, ಯಾರು ಮೊಬೈಲ್ ತೆಗೆದರು, ಯಾರು ಮುಗಿದರೂ ಏಳದೆ ಕೂತರು ಎಂದು ನೋಡುತ್ತೇನೆ. ಏಳದೆ ಕೂತವರನ್ನು ಕಂಡರೆ ಅವರಿಗೆ ಇನ್ನೇನು ಬರಬೇಕಾಗಿತ್ತೋ ಎಂದು ಕೇಳುವ ಆಸೆಯಾಗುತ್ತದೆ. ಕೆಲವೊಮ್ಮೆ ಕೇಳಿಯೂ ಇದ್ದೇನೆ. ಆದರೆ ಒಂದು ವಿಷಯದಲ್ಲಿ ದೊಡ್ಡವ್ವನಿಗೆ ನಾನು ಸೋಲಲಿಲ್ಲ. ಇಲ್ಲದ್ದನ್ನು ಇದೆ ಎಂದು ಎಂದೂ ಬರೆಯಲಿಲ್ಲ. ಅವಳೂ ಬರೆ ಅನ್ನಲಿಲ್ಲ. “ನಿಂದು ನಿನಗ, ನಂದು ನನಗ” ಎಂದು ನಗುತ್ತಿದ್ದಳು.

ಹೋದ ವರ್ಷ ಅವಳಿಗೆ ಗಂಟಲಿನ ರೋಗ ಬಂತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಅವಳ ಬಳಿ ಇದ್ದವಳು ನಾನೇ. ಕೊನೆಕೊನೆಗೆ ಒಂದು ಚಮಚ ಗಂಜಿಯೂ ಇಳಿಯುತ್ತಿರಲಿಲ್ಲ, ಕಟಬಾಯಿಂದ ವಾಪಸು ಬರುತ್ತಿತ್ತು. ನಾನು ಒರೆಸುತ್ತಿದ್ದೆ. ದನಿಯೂ ಹೋಗಿತ್ತು. ಆದರೂ ಪಕ್ಕದ ಹಾಸಿಗೆಯ ಹೆಂಗಸಿನ ಕಡೆ ಆ ಹಸಿರು ಹೆಬ್ಬೆರಳನ್ನು ತೋರಿಸಿ, ಬಾಯಿಗೆ ಕೈ ತಂದು, ಆಕೆ ಉಂಡಳೋ ಇಲ್ಲವೋ ಎಂದು ಸನ್ನೆಯಲ್ಲಿ ಕೇಳುವಳು. ಉಂಡಳು ಎಂದರೆ ಕಣ್ಣು ಮುಚ್ಚುವಳು. ಹಾಗೆ ಕಣ್ಣು ಮುಚ್ಚಿದ ಒಂದು ಬೆಳಿಗ್ಗೆ ಮತ್ತೆ ತೆರೆಯಲಿಲ್ಲ. ಏನೂ ಉಣ್ಣದೆ ಹೋದಳಲ್ಲ ಎಂಬ ಸಂಕಟ ನನ್ನನ್ನು ಬಹಳ ದಿನ ಕಾಡಿತು. ಊರಲ್ಲಿ ಯಾರಿಗೂ ಅದನ್ನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ ಒಂದು ಭಾನುವಾರ ಊರಿಗೆ ಹೋದೆ. ಗುಂಪು ಕಾಲುವೆ ಪಕ್ಕದ ಗದ್ದೆಯಲ್ಲಿತ್ತು. ಈಗ ಮೂಲೆಮನೆ ಅತ್ತೆಯೇ ಮೇಸ್ತ್ರಿ. ಚಪ್ಪಲಿ ಬಿಟ್ಟು ಬದುವಿನ ಮೇಲೆ ಕೂತೆ. ಎಲ್ಲರೂ ಬಾಗಿದ್ದರು, ನನ್ನನ್ನು ಯಾರೂ ನೋಡಲಿಲ್ಲ. ಅತ್ತೆ ಕಥೆ ಹೇಳುತ್ತಿದ್ದಳು. ಯಾವ ಪಿಚ್ಚರೋ ಎಂದು ಕಿವಿಗೊಟ್ಟೆ. ಪಿಚ್ಚರ್ ಅಲ್ಲ, ದೊಡ್ಡವ್ವನ ಕಥೆ. ಹೊಸಪೇಟೆಯ ಬಸ್ಸು, ಸೀಟಿನ ಮೇಲಿನ ಬುತ್ತಿ, ಟಾಕೀಸಿನ ಜಗಳ, ಬಸ್ ಶೆಲ್ಟರಿನ ಲೀಡರು, ಎಲ್ಲ ಬಂತು. ನಗುವ ಕಡೆ ನಕ್ಕರು. ಕಥೆ ಬಳ್ಳಾರಿಗೆ ಹೋಯಿತು. ಸಾಲು ಬದುವಿನ ಹತ್ತಿರ ಬರುತ್ತಿತ್ತು.

“ಮುಂಜಾನಿ ಎದ್ಲು” ಎಂದಳು ಅತ್ತೆ. “ಮುಖ ತೊಳಕೊಂಡ್ಲು. ನಂಗ ರೊಟ್ಟಿ ಬೇಕು ಅಂದ್ಲು. ಜ್ವಾಳದ ರೊಟ್ಟಿ, ಪುಂಡಿಪಲ್ಯ. ಹೊಟ್ಟಿ ತುಂಬ ಉಂಡ್ಲು. ಉಂಡು, ಕೈ ತೊಳಕೊಂಡು, ಮಕ್ಕೊಂಡ್ಲು.”

ಕೈಗಳು ನಿಂತಿದ್ದವು. ಮೊಬೈಲಿನ ಹುಡುಗಿ, ಈಗ ಅವಳು ಎರಡು ಮಕ್ಕಳ ತಾಯಿ, ಸೊಂಟ ನೆಟ್ಟಗೆ ಮಾಡಿಕೊಂಡು ಮೆಲ್ಲಗೆ ಕೇಳಿದಳು: “ಇದು ನಿಂದೇನ್ಬೇ, ಖರೇದೇನು?”

ಅತ್ತೆ ತಿರುಗಿದಳು. ಬದುವಿನ ಮೇಲೆ ಕೂತ ನನ್ನನ್ನು ಕಂಡಳು. ಅವಳ ಮುಖದ ಬಣ್ಣ ಸ್ವಲ್ಪ ಇಳಿಯಿತು, ಆದರೂ ನನ್ನ ಕಣ್ಣಿಂದ ಕಣ್ಣು ತೆಗೆಯಲಿಲ್ಲ. “ಈಕಿನ್ನ ಕೇಳ್ರಿ. ಈಕಿ ಅಲ್ಲೆ ಇದ್ಲು” ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು, ನನ್ನ ಅವ್ವನೂ.

“ಖರೆ” ಅಂದೆ. “ಎರಡು ರೊಟ್ಟಿ ಉಂಡ್ಲು. ಆಮ್ಯಾಲ ನರ್ಸಮ್ಮಗೂ ಒಂದು ಕೊಟ್ಲು. ಆಕಿ ಡ್ಯೂಟಿ ಮ್ಯಾಲ ಅದೀನಿ, ಬ್ಯಾಡ ಬ್ಯಾಡ ಅಂದ್ಲು. ಅಂದು, ನಿಂತಕೊಂಡ ಉಂಡ್ಲು.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, “ಹೊತ್ತಾತು, ಬರ್ರಿ” ಎಂದು ಗದ್ದೆಯಿಂದ ಮೇಲೆ ಬಂದಳು. ಕಾಲುವೆಯಲ್ಲಿ ಕೈ ತೊಳೆದು, ಸಾಲಾಗಿ ಕೂತು, ಎಲ್ಲರೂ ಬುತ್ತಿ ಬಿಚ್ಚಿದೆವು.